ಹರಿಹರದ ಮನೆಯಲ್ಲಿ ಒಂದೂಕಾಲು ಗಂಟೆ

ಯೇಸುಸ್ವಾಮಿ ಗಲಿಲಾಯದಲ್ಲಿ ಕುಷ್ಠರೋಗಿಗಳನ್ನು ಮುಟ್ಟಿ ವಾಸಿ ಮಾಡಿದನೆಂಬುದನ್ನು ನಾನು ಚಿಕ್ಕಂದಿನಿಂದ ನಂಬಿದವಳು. ಆದರೆ ಹರಿಹರದಲ್ಲಿ ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತನೊಬ್ಬ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತು ರೋಗ ಬಿಡಿಸುತ್ತಾನೆಂದು ಯಾರಾದರೂ ಹೇಳಿದ್ದರೆ ಅವರನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸುತ್ತಿದ್ದೆ. ನಾನು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಆಯುಷ್ಯ ಕಳೆದವಳು. ಇಂಥದ್ದನ್ನೆಲ್ಲ ನಂಬಿ ತಡವಾಗಿ ಬಂದು ಸತ್ತವರ ರೆಪ್ಪೆ ಮುಚ್ಚುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಈಗಲೂ ಇಂಥ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಆದರೂ ನಡೆದದ್ದೊಂದನ್ನು ಬರೆಯಬೇಕಾಗಿದೆ. ಅದು ನನ್ನ ಕಣ್ಣೆದುರು ನಡೆಯಲಿಲ್ಲ, ನಾನು ಹೊರಗೆ ಹೋಗಿ ಬರುವುದರೊಳಗೆ ನಡೆಯಿತು. ಓದಿದವರು ನಂಬಲೇಬೇಕೆಂದಿಲ್ಲ. ನಂಬಿದರೆ ನನಗೆ ಸಂತೋಷವೂ ಇಲ್ಲ.

ಆ ಗುಮಾಸ್ತ ಬೇರೆ ಯಾರೂ ಅಲ್ಲ, ನನ್ನ ಅಕ್ಕ ಸುಗುಣಳ ಗಂಡ, ಸಮುವೇಲ ಭಾವ. ನಮ್ಮದು ದಾವಣಗೆರೆಯ ಹಳೆಯ ಕ್ರೈಸ್ತ ಕುಟುಂಬ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಭಾನುವಾರ ದೇವಾಲಯ, ಸಂಜೆ ಮನೆಯಲ್ಲಿ ಕೀರ್ತನೆ, ಜ್ವರ ಬಂದರೆ ಪ್ರಾರ್ಥನೆಯೂ ಉಂಟು, ಬಾಟಲಿಯ ಮಿಕ್ಸ್ಚರೂ ಉಂಟು. ಇಷ್ಟೇ ನಮ್ಮ ಧರ್ಮ. ಮದುವೆಯಾದಾಗ ಭಾವನೂ ಹಾಗೆಯೇ ಇದ್ದರು. ತೆಳ್ಳಗಿನ ಆಳು, ಮೆತ್ತಗಿನ ಮಾತು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹರಿಹರದಲ್ಲಿ ನೌಕರಿ ಸಿಕ್ಕ ಮೇಲೆ ಟೈಪಿಂಗ್ ಕಲಿಯಲು ರೈಲ್ವೆ ಗಾರ್ಡ್ ಒಬ್ಬರ ವಿಧವೆಯ ಮನೆಗೆ ಹೋಗತೊಡಗಿದರು. ಆ ಆಂಗ್ಲೋ-ಇಂಡಿಯನ್ ಮುದುಕಿ ಟೈಪಿಂಗಿನ ಜೊತೆಗೆ, ತನಗೆ ಪರದೇಶದಿಂದ ಅಂಚೆಯಲ್ಲಿ ಬರುತ್ತಿದ್ದ ಸಣ್ಣ ಸಣ್ಣ ಪುಸ್ತಕಗಳನ್ನೂ ಕೊಟ್ಟಳು. ಎರಡು ವರ್ಷದಲ್ಲಿ ಅವಳು ಊರು ಬಿಟ್ಟು ಹೋದಳು. ಪುಸ್ತಕದಲ್ಲಿದ್ದದ್ದು ಭಾವನ ತಲೆಯಲ್ಲಿ ಉಳಿಯಿತು.

ಆ ಬೋಧನೆ ನಾನು ತಿಳಿದ ಮಟ್ಟಿಗೆ ಹೀಗೆ: ದೇವರು ಒಳ್ಳೆಯವನು, ಅವನು ಮಾಡಿದ್ದೆಲ್ಲ ಒಳ್ಳೆಯದು. ರೋಗವನ್ನು ಅವನು ಮಾಡಿಲ್ಲ, ಆದ್ದರಿಂದ ರೋಗವೆಂಬುದೇ ಇಲ್ಲ. ಇದೆ ಎಂದು ನಾವು ತಪ್ಪು ತಿಳಿದಿದ್ದೇವೆ. ಈ ಮಾಂಸ, ಮೂಳೆ ಕೂಡ ಆ ತಪ್ಪು ತಿಳುವಳಿಕೆಯ ನೆರಳು. ಕ್ರಿಸ್ತನೆಂದರೆ ಎಲ್ಲರೊಳಗೂ ಇರುವ ಸತ್ಯದ ಅರಿವು. ಪ್ರಾರ್ಥನೆ ಎಂದರೆ ಬೇಡುವುದಲ್ಲ, ಇದನ್ನು ತಿಳಿಯುವುದು. ತಿಳಿದ ಕ್ಷಣ ನೆರಳು ಹೋಗುತ್ತದೆ.

ನಮ್ಮ ಸಭೆಯ ಪಾದ್ರಿ ಅಯ್ಯನವರು ಭಾವನನ್ನು ಕೂರಿಸಿಕೊಂಡು, "ಹಂಗಾದ್ರೆ ಶಿಲುಬೆ ಮೇಲೆ ಸ್ವಾಮಿಗೆ ನೋವೇ ಆಗ್ಲಿಲ್ಲ ಅಂತೀಯೇನಪ್ಪಾ?" ಎಂದು ಕೇಳಿದರಂತೆ. ಭಾವ ನಕ್ಕರಂತೆ. ಅಂದಿನಿಂದ ದೇವಾಲಯಕ್ಕೆ ಬರುವುದು ನಿಂತಿತು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. "ಒಳ್ಳೇರು ಕಣೇ. ಕುಡಿಯಲ್ಲ, ಬೈಯಲ್ಲ. ಏನೋ ಓದ್ಕಳ್ಳಿ ಬಿಡು" ಎಂದಳು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಕ್ಕನಿಗೆ ಹೊಟ್ಟೆನೋವು ಬಂತು. ಮೂರು ದಿನ ಇತ್ತು. ಹರಿಹರಕ್ಕೂ ದಾವಣಗೆರೆಗೂ ನಡುವೆ ಒಂಬತ್ತು ಮೈಲಿ. ಬಸ್ಸುಂಟು, ರೈಲುಂಟು. ನನಗೆ ಒಂದು ಮಾತು ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರ ಪಕ್ಕದ ಮನೆಯ ಗೌರಮ್ಮನವರ ಗಂಡ ಆಸ್ಪತ್ರೆಗೇ ಹುಡುಕಿಕೊಂಡು ಬಂದು, "ನಿಮ್ಮ ಅಕ್ಕಾರು ಬಾಳ ನರಳ್ತಾ ಅದಾರ್ರಿ. ನಿಮ್ಮ ಭಾವಾರು ನೋಡಿದ್ರೆ ಕುರ್ಚಿ ಬಿಟ್ಟು ಏಳವಲ್ರು. ಬಡಬಡ ಬರ್ರಿ" ಎಂದರು. ನಾನು ಹೋಗುವಷ್ಟರಲ್ಲಿ ಅಕ್ಕನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಒಳಗೆ ಅಪೆಂಡಿಕ್ಸ್ ಒಡೆದಿದೆ ಎಂದು ಮುಟ್ಟಿದ ಕೂಡಲೇ ಗೊತ್ತಾಯಿತು. ದಾರಿಯಲ್ಲಿ ಹೋಗುತ್ತಿದ್ದ ಲಾರಿ ನಿಲ್ಲಿಸಿ ಅವಳನ್ನು ಹಾಕಿಕೊಂಡು ಹೊರಟೆ. ದಾವಣಗೆರೆಯ ಗಿರಣಿ ಚಿಮಣಿಗಳು ಕಾಣುವ ಹೊತ್ತಿಗೆ ನನ್ನ ತೊಡೆಯ ಮೇಲಿದ್ದ ಅವಳ ತಲೆ ಭಾರವಾಯಿತು.

ಸಮಾಧಿಯ ಬಳಿ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಭಾವ ಮಾತ್ರ ಕೈಕಟ್ಟಿ ನಿಂತರು. ಅಯ್ಯನವರು ಕಣ್ಣಿನಲ್ಲೇ ಸೂಚಿಸಿದಾಗ, "ಒಳಗೆ ಸುಗುಣ ಇಲ್ರಿ. ಅವಳು ಸತ್ತಿಲ್ಲ" ಎಂದರು, ಎಂದಿನ ಅದೇ ಮೆತ್ತಗಿನ ದನಿಯಲ್ಲಿ. ಅವರ ಪಾಲಿನ ಮಣ್ಣನ್ನೂ ನಾನೇ ಹಾಕಿದೆ. ಆ ದಿನ ನನ್ನೊಳಗೆ ಹುಟ್ಟಿದ ಸಿಟ್ಟಿಗೆ ಏನು ಹೆಸರಿಡಬೇಕೋ ತಿಳಿಯದು. ಕೊಂದವನ ಮೇಲೆ ಬರುವ ಸಿಟ್ಟು ಬೇರೆ. ಕೊಂದು, ಯಾರೂ ಸತ್ತೇ ಇಲ್ಲ ಎನ್ನುವವನ ಮೇಲೆ ಬರುವ ಸಿಟ್ಟು ಬೇರೆ.

ಅಕ್ಕನ ಮಗಳು ಕರುಣಳಿಗೆ ಆಗ ಮೂರು ವರ್ಷ. ಅವಳನ್ನು ನಾನು ಸಾಕುತ್ತೇನೆಂದು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. ತಂದೆ ಬದುಕಿರುವಾಗ ಮಗುವನ್ನು ಕಿತ್ತುಕೊಂಡು ಬರುವುದು ನ್ಯಾಯವಲ್ಲ ಎಂದರು. ಭಾವ ಕೆಲಸಕ್ಕೆ ಹೋದಾಗ ಗೌರಮ್ಮನವರೇ ಮಗುವನ್ನು ನೋಡಿಕೊಳ್ಳುತ್ತಿದ್ದರು. ಲಿಂಗಪೂಜೆ ಮಾಡದೆ ನೀರು ಕುಡಿಯದ ಹೆಂಗಸು. ನಮ್ಮ ಮಗುವನ್ನು ತಮ್ಮ ಮಗುವಿನಂತೆ ನೋಡಿಕೊಂಡರು. ನಾನು ತಿಂಗಳಿಗೊಂದು ಭಾನುವಾರ ಹೋಗುತ್ತಿದ್ದೆ. ಭಾವನೊಡನೆ ಮಾತಿಲ್ಲ. ಅವರು ಪಡಸಾಲೆಯಲ್ಲಿದ್ದರೆ ನಾನು ಹಿತ್ತಲಲ್ಲಿ.

ಹೀಗೆ ಎರಡೂವರೆ ವರ್ಷ ಕಳೆಯಿತು. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ಭಾನುವಾರ. ಕರುಣಳಿಗೆ ಕೆಂಪು ಫ್ರಾಕು ಹೊಲಿಸಿಕೊಂಡು, ಆರಾಧನೆ ಮುಗಿಸಿ, ಹನ್ನೊಂದರ ಸುಮಾರಿಗೆ ಹರಿಹರ ಮುಟ್ಟಿದೆ. ಬಾಗಿಲಲ್ಲೇ ಗೌರಮ್ಮ ನಿಂತಿದ್ದರು. "ಎರಡು ದಿನದಿಂದ ಹುಡುಗಿಗೆ ಮೈ ಬೆಚ್ಚಗೈತವ್ವ. ನುಂಗಾಕೆ ಆಗವಲ್ದು. ನೀವು ಇವತ್ತು ಬರ್ತೀರಿ ಅಂತ ದಾರಿ ಕಾಯ್ತಿದ್ದೆ" ಎಂದರು.

ಒಳಗೆ ಕಾಲಿಡುತ್ತಿದ್ದಂತೆ ನನಗೆ ವಾಸನೆ ಬಡಿಯಿತು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ನರ್ಸನ್ನು ಬೇಕಾದರೂ ಕೇಳಿ, ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಒಂದು ವಾಸನೆಯಿದೆ. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಮಗುವಿನ ಕೊರಳು ಎರಡೂ ಕಡೆ ಊದಿಕೊಂಡಿತ್ತು. ಉಸಿರೆಳೆದರೆ ಒಳಗೆ ಗರಗಸ ಆಡಿದಂತೆ ಸದ್ದು. ಕಿಟಕಿಯ ಬಳಿ ಎತ್ತಿಕೊಂಡು ಹೋಗಿ, ಚಮಚದ ಹಿಡಿಯಿಂದ ನಾಲಗೆ ಒತ್ತಿ ಟಾರ್ಚು ಬಿಟ್ಟೆ. ಬೂದಿ ಬಣ್ಣದ ಪೊರೆ ಗಂಟಲಿನ ಎರಡೂ ಬದಿಗೆ ಹಬ್ಬಿ ಕಿರುನಾಲಗೆಯನ್ನು ಮುಟ್ಟಿತ್ತು. ಅಂಚನ್ನು ಸ್ವಲ್ಪ ಸರಿಸಿ ನೋಡಿದೆ. ಬಿಡಲಿಲ್ಲ, ರಕ್ತ ಒಸರಿತು. ಕರವಸ್ತ್ರದಲ್ಲಿ ಒರೆಸಿದೆ. ಇದಕ್ಕಿಂತ ಸ್ಪಷ್ಟವಾಗಿ ಆ ರೋಗವನ್ನು ನಾನು ನೋಡಿದ್ದೇ ಇಲ್ಲ.

ಎರಡೂವರೆ ವರ್ಷದ ಮೇಲೆ ಭಾವನೊಡನೆ ಮೊದಲ ಸಲ ಮಾತಾಡಿದೆ. ಮಾತೆಲ್ಲಿ, ಕೂಗಿದೆ. "ಇವಳನ್ನೂ ಮುಗಿಸಬೇಕು ಅಂತ ಮಾಡೀರಾ? ಎರಡು ದಿನದಿಂದ ಏನು ಮಾಡ್ತಿದ್ರಿ?"

ಅವರು ಮಗುವಿನ ಮಂಚದ ಪಕ್ಕ ಕುರ್ಚಿಯ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿತ್ತು. "ಕರುಣ ದೇವರ ಮನಸಿನೊಳಗಿನ ಒಂದು ಆಲೋಚನೆ. ದೇವರ ಆಲೋಚನೆಗೆ ಜ್ವರ ಬರ್ತೈತಾ?" ಎಂದರು. ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯಲಿಲ್ಲ.

"ನಮ್ಮಕ್ಕನೂ ದೇವರ ಆಲೋಚನೆನೇ ಆಗಿದ್ಲಲ್ಲ ಭಾವ. ಮಣ್ಣೊಳಗೆ ಇಟ್ಟು ಬಂದ್ವಲ್ಲ, ಅದೇನು?"

 ಮಗುವನ್ನು ಒಯ್ಯಲು ಅಡ್ಡ ಬರುತ್ತಾರೆಂದು ಸೀರೆಯ ಸೆರಗು ಬಿಗಿದು ನಿಂತಿದ್ದೆ. ಅವರು, "ಕರ್ಕಂಡು ಹೋಗು. ನಾನು ಬ್ಯಾಡ ಅನ್ನಲ್ಲ" ಎಂದರು. ಅಷ್ಟೆ.

ಆ ರೋಗಕ್ಕೆ ಚುಚ್ಚುವ ಸೀರಂ ನಮ್ಮ ಆಸ್ಪತ್ರೆಯ ಅಲಮಾರಿಯಲ್ಲಿತ್ತು, ಯಾವ ಖಾನೆಯಲ್ಲಿ ಎಂಬುದೂ ನನಗೆ ಗೊತ್ತಿತ್ತು. ಮಗುವನ್ನು ಬಸ್ಸಿನ ನೂಕುನುಗ್ಗಲಲ್ಲಿ ಒಯ್ಯುವಂತಿರಲಿಲ್ಲ. ಕಾರು ತರಲು ಭಾವನನ್ನು ಕಳಿಸಲು ಮನಸ್ಸು ಬರಲಿಲ್ಲ. ಅವರ ಮೇಲೆ ನನಗೆ ಕಾಸಿನಷ್ಟೂ ಭರವಸೆ ಇರಲಿಲ್ಲ. ಗೌರಮ್ಮನವರನ್ನು ಮಗುವಿನ ತಲೆದೆಸೆಯಲ್ಲಿ ಕೂರಿಸಿ ನಾನೇ ಓಡಿದೆ. ಆಗ ಹರಿಹರದಲ್ಲಿ ಬಾಡಿಗೆ ಕಾರುಗಳೆಂದರೆ ಒಂದೋ ಎರಡೋ. ಒಂದು ಮದುವೆಗೆ ಹೋಗಿತ್ತು. ಇನ್ನೊಂದರ ಗಾಲಿ ಬಿಚ್ಚಿಟ್ಟಿದ್ದರು. ಡ್ರೈವರ್ ಬಾಷಾ ಸಾಹೇಬರಿಗೆ ಕೈಮುಗಿದೆ. "ಫಿಕರ್ ಮಾಡಬ್ಯಾಡ್ರಿ ಸಿಸ್ಟರ್, ಈಗ ಹಾಕಿಬಿಡ್ತೀನಿ" ಎಂದು ಅವರು ಊಟ ಬಿಟ್ಟು ಎದ್ದರು. ಟ್ಯೂಬಿಗೆ ತೇಪೆ ಹಾಕಿ, ಗಾಳಿ ತುಂಬಿ, ಗಾಲಿ ಕೂರಿಸುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು. ಕೈಗಡಿಯಾರವನ್ನು ಎಷ್ಟು ಸಲ ನೋಡಿದೆನೋ. ಮನೆ ಬಿಟ್ಟು ವಾಪಸು ಮನೆ ಮುಟ್ಟುವುದಕ್ಕೆ ಸರಿಯಾಗಿ ಒಂದೂಕಾಲು ಗಂಟೆ ಹಿಡಿಯಿತು.

ಕಾರಿನಿಂದ ಇಳಿದಾಗ ಮನೆ ಸದ್ದಿಲ್ಲದೆ ಇತ್ತು. ಮುಗಿಯಿತು ಎಂದುಕೊಂಡೆ. ಬಾಗಿಲು ದೂಡಿದೆ.

ಕರುಣ ನೆಲದ ಮೇಲೆ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ನಾನು ತಂದ ಫ್ರಾಕನ್ನು ಹಳೆಯ ಲಂಗದ ಮೇಲೆಯೇ ತೊಟ್ಟುಕೊಂಡಿದ್ದಳು. "ಚಿಕ್ಕವ್ವ, ಇದಕ್ಕೆ ಜೇಬು ಯಾಕ ಇಡಿಸಿಲ್ಲ?" ಎಂದಳು. ದನಿ ಗಂಟೆಯಂತಿತ್ತು.

ನಾನು ಅವಳ ಮುಂದೆ ಕೂತೆ. ಹಣೆ ಮುಟ್ಟಿದೆ, ತಣ್ಣಗಿತ್ತು. ಕೊರಳು ಮುಟ್ಟಿದೆ, ಊತವಿಲ್ಲ. ಬಾಯಿ ತೆರೆಸಿ ಟಾರ್ಚು ಬಿಟ್ಟೆ. ಎಳೆ ಮಗುವಿನ ಗಂಟಲು ಹೇಗಿರಬೇಕೋ ಹಾಗೆ ನಸುಗೆಂಪಾಗಿ, ಒದ್ದೆಯಾಗಿ, ಸ್ವಚ್ಛವಾಗಿತ್ತು. ಪೊರೆಯಿಲ್ಲ. ಚಮಚದಿಂದ ಸರಿಸಿ ರಕ್ತ ಬಂದ ಕಡೆ ಒಂದು ಗೀರೂ ಇಲ್ಲ. ಕೋಣೆಯಲ್ಲಿ ಆ ವಾಸನೆಯೂ ಇರಲಿಲ್ಲ. ಅದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಮಗು ಗುಣವಾಯಿತೆಂದೇ ಇಟ್ಟುಕೊಳ್ಳೋಣ, ಹಾಸಿಗೆಯ ಬಟ್ಟೆಗೆ ಹತ್ತಿದ ವಾಸನೆ ಎಲ್ಲಿಗೆ ಹೋಗುತ್ತದೆ?

"ಏನು ಮಾಡಿದ್ರು ಗೌರಮ್ಮ? ಏನು ಕುಡಿಸಿದ್ರು?" ಎಂದು ಕೇಳಿದೆ.

"ಏನೂ ಮಾಡ್ಲಿಲ್ಲವ್ವ. ಮುಟ್ಟಲೂ ಇಲ್ಲ. ಆ ಕುರ್ಚಿ ಮ್ಯಾಲೆ ಕೂತೇ ಇದ್ರು. ಕಣ್ಣಾಗೆ ನೀರು ಸುರೀತಿತ್ತು. ಈ ಹುಡುಗಿ ಒಂದು ಸಲ ದೊಡ್ಡದಾಗಿ ಆಕಳಿಸಿದ್ಲು. ಎದ್ದು ಕೂತು, ಅವ್ವ ಹಸಿವು ಅಂದ್ಲು. ನನ್ನ ಮೈ ಜುಮ್ಮಂತು ನೋಡ್ರಿ" ಎಂದು ಗೌರಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡರು.

ಈ ಜಾಗದಲ್ಲಿ ನಾನು ಮೊಣಕಾಲೂರಿ ದೇವರನ್ನು ಸ್ತುತಿಸಿದೆ ಎಂದು ಬರೆಯಬೇಕಿತ್ತು. ನನಗೆ ಬಂದದ್ದು ಸಿಟ್ಟು. ಅಷ್ಟು ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಭಾವನ ಎದುರಿಗೆ ಹೋಗಿ ನಿಂತೆ. "ಇಷ್ಟು ಬರ್ತಿತ್ತು ಅಂದ್ರೆ ಅಕ್ಕನಿಗೆ ಯಾಕ ಮಾಡ್ಲಿಲ್ಲ?"

ಅವರು ತಲೆ ಎತ್ತಿದರು. "ಅವತ್ತೂ ಇದೇ ಮಾಡಿದ್ದೆ. ಇದೇ ಕುರ್ಚಿ, ಇದೇ ಮಾತು. ಒಂದಕ್ಷರ ಬ್ಯಾರೆ ಇರಲಿಲ್ಲ. ಅವಳಿಗೆ ಮೂರು ದಿನ ಕೂತಿದ್ದೆ."

"ಮತ್ತೆ?"

"ನನಗೆ ಗೊತ್ತಿಲ್ಲ." ಆಮೇಲೆ, ಕೇಳಬಾರದಿತ್ತು ಎಂದು ಇಂದಿಗೂ ಅನ್ನಿಸುವ ಮಾತೊಂದನ್ನು ಹೇಳಿದರು. "ಎರಡನೇ ದಿನ ಅವಳು, ತಂಗಿನ ಕರೆಸ್ರಿ ಅಂದ್ಲು. ನಾನು ಕರೆಸ್ಲಿಲ್ಲ. ಕರೆಸಿದ್ರೆ ರೋಗ ಐತೆ ಅಂತ ನಾನೂ ಒಪ್ಪಿಕೊಂಡಂಗೆ ಅಂತ."

ನಾನು ಅವರ ಕೆನ್ನೆಗೆ ಹೊಡೆದೆ. ಅಕ್ಕನ ಗಂಡ, ತಂದೆಯ ಸ್ಥಾನದವರು ಎಂದೇನೂ ನೋಡಲಿಲ್ಲ. ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಬಾಗಿಲಲ್ಲಿದ್ದ ಬಾಷಾ ಸಾಹೇಬರು ಬೀದಿಯ ಕಡೆ ತಿರುಗಿದರು. ಭಾವ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಇನ್ನೊಂದು ಹೊಡೆದರೆ ಒಳ್ಳೆಯದು ಎಂಬಂತೆ ಕೂತಿದ್ದರು. ನಾನು ಮಗುವನ್ನು ಎತ್ತಿಕೊಂಡು ಕಾರಿಗೆ ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕರುಣಳನ್ನು ಚೆನ್ನಾಗಿಯೇ ಪರೀಕ್ಷಿಸಿದರು. ಗಂಟಲಿನ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲೂ ನೋಡಿಸಿದರು. ಏನೂ ಇರಲಿಲ್ಲ. ನಾನು ಕರವಸ್ತ್ರದ ರಕ್ತದ ಕಲೆ ತೋರಿಸಿದೆ. "ಚಮಚ ತಾಗಿರ್ತದೆ" ಎಂದರು. ತಾಗಿದ್ದರೆ ಗಾಯ ಎಲ್ಲಿ ಎಂದೆ. ಅವರು ಒಳ್ಳೆಯವರು, ನನ್ನ ಕೆಲಸದ ಮೇಲೆ ಗೌರವ ಇಟ್ಟವರು. ಆದರೂ ನಕ್ಕು, "ಸಿಸ್ಟರ್, ಇವತ್ತು ಟಾರ್ಚ್ ಹಿಡಿದಿದ್ದು ನೀವಲ್ಲ, ಭಾವನ ಮೇಲಿನ ನಿಮ್ಮ ಸಿಟ್ಟು" ಎಂದರು.  ಅದುವರೆಗೆ ಅದೇ ಡಾಕ್ಟರು ನನ್ನ ಮಾತಿನ ಮೇಲೆಯೇ ಎಷ್ಟೋ ಮಕ್ಕಳಿಗೆ ಸೀರಂ ಚುಚ್ಚಿಸಿದ್ದರು. ನನ್ನ ಕಣ್ಣು ಒಂದು ಸಲವೂ ತಪ್ಪಿರಲಿಲ್ಲ. ಆ ಒಂದು ದಿನ ತಪ್ಪಿತೇ?

ಕರುಣಳನ್ನು ನಾನು ವಾಪಸು ಕಳಿಸಲಿಲ್ಲ. ಭಾವ ಕೇಳಲೂ ಇಲ್ಲ. ಈಗ ಅವರೇ ತಿಂಗಳಿಗೊಂದು ಭಾನುವಾರ ದಾವಣಗೆರೆಗೆ ಬಂದು ಮಗಳನ್ನು ನೋಡಿಕೊಂಡು ಹೋಗತೊಡಗಿದರು.

ಗೌರಮ್ಮನವರ ಬಾಯಿಂದ ಸುದ್ದಿ ಹರಿಹರದ ಓಣಿಗಳಲ್ಲೆಲ್ಲ ಹರಡಿತು. ಜನ ಕಾಯಿಲೆಯವರನ್ನು ಕರೆದುಕೊಂಡು ಭಾವನ ಬಾಗಿಲಿಗೆ ಬರತೊಡಗಿದರು. ಅವರು ಯಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲವಂತೆ. "ನನ್ನ ಹತ್ರ ಏನೂ ಇಲ್ರಿ. ದವಾಖಾನೆಗೆ ಕರ್ಕಂಡು ಹೋಗ್ರಿ" ಎಂದು ಕೈಮುಗಿದು ಕಳಿಸುತ್ತಿದ್ದರಂತೆ. ಇದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಬದಲಿಗೆ ಇನ್ನೂ ಉರಿಯಿತು. ಅವರಲ್ಲಿ ಏನೋ ಇದ್ದದ್ದೇ ಆದರೆ ಈಗ ಬಾಗಿಲು ಹಾಕುವುದು ಎಂಥ ನ್ಯಾಯ? ಏನೂ ಇರಲಿಲ್ಲ ಎಂದಾದರೆ ಈ ಬುದ್ಧಿ ಅಕ್ಕನ ಕಾಲಕ್ಕೆ ಯಾಕೆ ಬರಲಿಲ್ಲ?

ಮರುವರ್ಷ ಮಳೆಗಾಲ ಹಿಡಿದ ಮೇಲೆ ಕೊಕ್ಕನೂರಿನ ಹೆಂಗಸೊಬ್ಬಳು ನಾಲ್ಕು ವರ್ಷದ ಮಗನನ್ನು ಹೊತ್ತು ನಮ್ಮ ವಾರ್ಡಿಗೆ ಬಂದಳು. ಬಾಗಿಲಲ್ಲೇ ಅದೇ ವಾಸನೆ. ಗಂಟಲಲ್ಲಿ ಅದೇ ಬೂದಿ ಪೊರೆ. ಮೊದಲು ಹರಿಹರಕ್ಕೆ ಹೋಗಿದ್ದಳಂತೆ. "ಅಲ್ಲಿ ಸಮುವೇಲಪ್ಪಾರು ಅಂತ ಅದಾರಂತೆ, ಕೂತ್ಕಂಡೇ ವಾಸಿ ಮಾಡ್ತಾರಂತೆ ಅಂತ ಹೋದ್ವ್ರಿ. ಅವರು ತಡ ಮಾಡಬ್ಯಾಡ್ರಿ ಅಂತ ಇಲ್ಲಿಗೆ ಓಡಿಸಿದ್ರು" ಎಂದಳು. ತಡ ಆಗಲೇ ಆಗಿಹೋಗಿತ್ತು, ಐದು ದಿನದ ಜ್ವರ. ಸೀರಂ ಕೊಟ್ಟೆವು. ಡಾಕ್ಟರು ಗಂಟಲಿನ ಕೆಳಗೆ ತೂತು ಮಾಡಿ ಕೊಳವೆ ಇಟ್ಟರು. ಹುಡುಗನ ಹೆಸರು ನಾಗರಾಜ. ಕೊಳವೆಯ ಮೂಲಕ ಉಸಿರಾಡುತ್ತಾ ನನ್ನ ಬಿಳಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಿದ್ದ.

ಸಂಜೆ ನಾಡಿ ಕೈಗೆ ಸಿಗದಂತಾದಾಗ ನಾನು ಮಾಡಿದ್ದನ್ನು ಇದುವರೆಗೆ ಒಬ್ಬರಿಗೆ ಮಾತ್ರ ಹೇಳಿದ್ದೇನೆ. ಪರದೆ ಎಳೆದು, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿದೆ. ದೇವರು ರೋಗ ಮಾಡಿಲ್ಲ. ನಾಗರಾಜ ದೇವರ ಮನಸ್ಸಿನ ಆಲೋಚನೆ. ದೇವರ ಆಲೋಚನೆಗೆ ಉಸಿರು ಕಟ್ಟುವುದಿಲ್ಲ. ಇದನ್ನೇ ಹೇಳಿಕೊಂಡೆ. ಅಣಕಕ್ಕಲ್ಲ, ಪರೀಕ್ಷೆಗಲ್ಲ, ಮನಃಪೂರ್ವಕ. ಎಷ್ಟು ಹೊತ್ತು ಕೂತಿದ್ದೆನೋ. ಸೀರೆಯ ಅಂಚು ಸಡಿಲವಾದಾಗ ಕಣ್ಣು ತೆರೆದೆ. ಹುಡುಗ ಹೋಗಿದ್ದ.

ಮುಂದಿನ ಭಾನುವಾರ ಭಾವ ಬಂದಾಗ ಅವರಿಗೆ ಹೇಳಿದೆ. ಚುಚ್ಚಬೇಕೆಂದೇ ಹೇಳಿದೆ. "ನಿಮ್ಮ ಮಾತನ್ನೇ ಹೇಳಿದೆ ಭಾವ, ಅಕ್ಷರ ಬಿಡದೆ. ನಿಮ್ಮ ದೇವರಿಗೆ ಆ ಮಗು ಬೇಕಾಗಿರ್ಲಿಲ್ಲ ಅಂತ ಕಾಣ್ತೈತೆ." ಅವರು, "ಹೆಸರೇನು ಅವನ್ದು?" ಎಂದು ಕೇಳಿದರು. ಹೇಳಿದೆ. ಆ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ಅತ್ತರು. ಸದ್ದು ಮಾಡಿ, ಹೆಂಗಸರಂತೆ, ಮುಖ ಮುಚ್ಚಿಕೊಳ್ಳದೆ ಅತ್ತರು. ಅಕ್ಕ ಸತ್ತಾಗ ಒಂದು ಹನಿ ಹಾಕದಿದ್ದವರು. ನಾನು ಎದ್ದು ಹೋಗಿ ಅನ್ನಕ್ಕಿಟ್ಟೆ. ಅಂದು ಮೊದಲ ಸಲ ಅವರು ನಮ್ಮಲ್ಲಿ ಊಟ ಮಾಡಿದರು.

ಭಾವ ತೀರಿಕೊಂಡು ಬಹಳ ವರ್ಷವಾಯಿತು. ಕರುಣಳಿಗೂ ತಲೆ ನೆರೆತಿದೆ, ಇಲ್ಲೇ ವಿನೋಬನಗರದಲ್ಲಿ ನನ್ನ ಪಕ್ಕದ ಬೀದಿಯಲ್ಲಿದ್ದಾಳೆ. ಆ ದಿನದ್ದು ಅವಳಿಗೆ ಫ್ರಾಕು ಬಿಟ್ಟರೆ ಏನೂ ನೆನಪಿಲ್ಲ. ಈ ಸಂಗತಿಯನ್ನು ಕೇಳಿದ ಭಕ್ತರು, "ಅದು ದೇವರ ಮಹಿಮೆ" ಎನ್ನುತ್ತಾರೆ. ವಿದ್ಯಾವಂತರು, "ನಿಮ್ಮ ಕಣ್ಣಿನ ತಪ್ಪು" ಎನ್ನುತ್ತಾರೆ. ಇಬ್ಬರೂ ಎಷ್ಟು ಸಲೀಸಾಗಿ ಹೇಳಿ ಎದ್ದುಹೋಗುತ್ತಾರೆ! ಮಹಿಮೆ ಎಂದರೆ ಅಕ್ಕನ ಲೆಕ್ಕವನ್ನೂ ನಾಗರಾಜನ ಲೆಕ್ಕವನ್ನೂ ಯಾರು ಕೊಡುತ್ತಾರೆ? ಕಣ್ಣಿನ ತಪ್ಪು ಎಂದರೆ ಮೂವತ್ತು ವರ್ಷ ಆ ಕಣ್ಣನ್ನು ನಂಬಿ ನಾನು ಚುಚ್ಚಿದ ಸೂಜಿಗಳ ಗತಿಯೇನು? ನಾನು ನೋಡಿದ್ದು ನೋಡಿದ್ದೇ. ಅದು ಏನೆಂದು ನನಗೆ ಗೊತ್ತಿಲ್ಲ. ಗೊತ್ತು ಎನ್ನುವವರು ದಯವಿಟ್ಟು ನನ್ನ ಮನೆಗೆ ಬರಬೇಡಿ.